ಜಾಗಾ ಐತಿ, ಬರ್ರಿ

ನನ್ನ ಗಂಡನನ್ನು ಒಂದು ಮಾತು ಕೇಳುವುದಿತ್ತು. ಬರೀ ಒಂದು. ಅದನ್ನು ಕೇಳಲಿಕ್ಕೆ ವಿಮಾನ ಹತ್ತಿ, ಸಮುದ್ರ ದಾಟಿ, ಮಾರಿಷಸ್ ಎಂಬ ದ್ವೀಪದ ತನಕ ಹೋಗಬೇಕಾಯಿತು. ನಗುವವರು ನಗಲಿ. ಅಲಖನೂರಿನ ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಿ, ಆಮೇಲೆ ನಗಲಿ.

ಅತ್ತೆ ಲಕ್ಕವ್ವ, ಭಾವ ಧರೆಪ್ಪ, ಇಬ್ಬರು ಮೈದುನರು, ಅವರವರ ಹೆಂಡಿರು ಮಕ್ಕಳು, ಆಳುಕಾಳು, ಬಂದು ಹೋಗುವವರು. ಹಬ್ಬವಿಲ್ಲದ ದಿನವೂ ನಮ್ಮಲ್ಲಿ ಎರಡು ಒಲೆ ಉರಿಯುತ್ತಿದ್ದವು. ಗಂಡಸರು ಪಡಸಾಲೆಯಲ್ಲಿ ಮಲಗುವರು, ನಾವು ಮಕ್ಕಳನ್ನು ಕಟ್ಟಿಕೊಂಡು ಒಳಗೆ. ಕರೆಂಟು ಬಂದಾಗ ನಮ್ಮವರು ಕಬ್ಬಿಗೆ ನೀರು ಬಿಡಲು ಹೊಲಕ್ಕೆ ಹೋಗುವರು. ಅವರು ಉಂಡೆದ್ದ ಮೇಲೆ ನಾನು ಉಣ್ಣುವುದು, ಅವರು ಬಂದಾಗ ನಾನು ಸೆರಗು ಎಳೆದುಕೊಂಡು ಒಳಗೆ ಸರಿಯುವುದು. ಹಾಗಾದರೆ ಮಕ್ಕಳು ಹೇಗಾದವು ಅಂತ ಕೇಳಬೇಡಿ. ಮಕ್ಕಳಾಗುವುದಕ್ಕೆ ಮಾತು ಬೇಕಾಗಿಲ್ಲ.

ಕೇಳಬೇಕಾಗಿದ್ದ ಮಾತು ಇದು. ನಮ್ಮ ಮೊದಲ ಕೂಸು ಹೆಣ್ಣು. ನನ್ನನ್ನು ತವರಿಗೆ ಕಳಿಸುವ ಮೊದಲೇ, ದಿನ ತುಂಬುವ ಮೊದಲೇ ಹುಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬರುವುದರೊಳಗೆ ಹೋಯಿತು. ಅಷ್ಟು ಸಣ್ಣ ಜೀವಕ್ಕೆ ನಾಲ್ಕು ಜನ ಹೆಗಲು ಕೊಡುವುದಿಲ್ಲ, ಅಪ್ಪನೊಬ್ಬನೇ ಒಯ್ಯುವುದು. ಆಷಾಢದ ಮಳೆ ಹುಯ್ಯುತ್ತಿತ್ತು. ನಮ್ಮವರು ಕೂಸನ್ನು ಧೋತರದಲ್ಲಿ ಸುತ್ತಿ, ಸಲಿಕೆ ತೆಗೆದುಕೊಂಡು ಹೊರಗೆ ಹೋದರು. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ನಾನು ಬಾಣಂತಿ. ಕತ್ತಲಾದ ಮೇಲೆ ಅವರು ತಿರುಗಿ ಬಂದು ತಲೆಗೆ ನೀರು ಹಾಕಿಕೊಂಡು ಪಡಸಾಲೆಯಲ್ಲಿ ಕೂತರು. ಎಲ್ಲಿಟ್ಟರು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳಬೇಕೆನ್ನುವಷ್ಟರಲ್ಲಿ ಅತ್ತೆ ಬಾಯಿ ಮುಚ್ಚಿಸಿದರು. "ಹ್ವಾದ ಕೂಸಿನ ಮಾತ ಎತ್ತಬ್ಯಾಡ. ಮುಂದ ಹುಟ್ಟೂದಕ್ಕ ಕಾಡತೈತಿ." ಮುಂದೆ ಎರಡು ಗಂಡು ಹುಟ್ಟಿದವು, ಗಟ್ಟಿಯಾಗಿ ಬೆಳೆದವು. ಆದರೆ ನಮ್ಮ ಹೊಲದ ಯಾವ ಮೂಲೆಯಲ್ಲಿ ನೇಗಿಲು ಹೂಡಿದರೂ ನಾನು ಸಾಲಿಗೇ ಕಣ್ಣು ನೆಟ್ಟು ನಿಲ್ಲುತ್ತಿದ್ದೆ. ಇಲ್ಲೇ ಇರಬಹುದೇ? ಆ ಬದುವಿನಲ್ಲೇ? ಹಳ್ಳಕ್ಕೆ ನೆರೆ ಬಂತೆಂದರೆ ಊರವರೆಲ್ಲ ನೋಡಲು ಓಡುವರು, ನಾನು ಒಳಗೆ ಹೋಗಿ ಬೀಸುಕಲ್ಲಿನ ಮುಂದೆ ಕೂಡುವೆ. ಇಪ್ಪತ್ತು ವರ್ಷ ಹೀಗೇ ಹೋಯಿತು.

ಮನೆಯಲ್ಲಿ ಆಗದಿದ್ದರೆ ದಾರಿಯಲ್ಲಿ ಕೇಳಬಾರದಿತ್ತೇ ಅನ್ನುವಿರಿ. ನಮ್ಮವರ ಜೊತೆ ದಾರಿ ನಡೆದವರಿಗೆ ಗೊತ್ತು. ಗಾಡಿಯಲ್ಲಿ ಒಂದು ಗೇಣು ಜಾಗ ಖಾಲಿ ಕಂಡರೆ ಅವರಿಗೆ ಮೈಮೇಲೆ ಇರುವೆ ಹರಿದ ಹಾಗೆ. ರಾಯಬಾಗದ ಸಂತೆಗೆ ಚಕ್ಕಡಿ ಕಟ್ಟಿದರೆ ಊರ ಅಗಸಿ ದಾಟುವುದರೊಳಗೆ "ಜಾಗಾ ಐತಿ, ಬರ್ರಿ" ಅಂತ ಆರು ಜನರನ್ನು ಹತ್ತಿಸುವರು. ಜೀಪು ಬಂದ ಮೇಲೆ ನನ್ನನ್ನು ಚಿಕ್ಕೋಡಿ ದವಾಖಾನೆಗೆ ಕರೆದುಕೊಂಡು ಹೊರಟರು. ಈ ಸಲ ಕೇಳಿಯೇಬಿಡುತ್ತೇನೆ ಅಂತ ನಾನು ಗಟ್ಟಿ ಮನಸ್ಸು ಮಾಡಿದ್ದೆ. ದವಾಖಾನೆ ಮುಟ್ಟುವ ಹೊತ್ತಿಗೆ ನನ್ನ ತೊಡೆಯ ಮೇಲೆ ಯಾರದೋ ಕೂಸು, ಕಾಲ ಬುಡಕ್ಕೆ ಯಾರದೋ ಕೋಳಿ. ಊರೆಲ್ಲ ಹೊಗಳಿತು, ಲಗಮಣ್ಣ ದೇವರಂಥ ಮನಿಷ್ಯಾ ಅಂತ. ದೇವರ ಹೆಂಡತಿಯ ಗತಿ ದೇವರಿಗೇ ಗೊತ್ತು.

ತೊಂಬತ್ತನಾಲ್ಕರಲ್ಲಿ ಒಂದು ಗೊಬ್ಬರದ ಕಂಪನಿ ಕಬ್ಬಿನ ಇಳುವರಿಗೆ ಪೈಪೋಟಿ ಇಟ್ಟಿತು. ದ್ರಾಕ್ಷಿಗೂ ಬೇರೆ ಇಟ್ಟಿತು. ಕಬ್ಬಿನಲ್ಲಿ ನಮ್ಮವರು ಗೆದ್ದರು. ಗೆದ್ದ ಗಂಡಹೆಂಡತಿಗೆ ಮಾರಿಷಸ್ ಪ್ರವಾಸ, ಅದರಲ್ಲಿ ಒಂದು ದಿನ ತಮ್ಮದೇ ಕಾರು, ತಮ್ಮದೇ ಗೈಡು, ಬೆಳಗಿನಿಂದ ಸಂಜೆಯವರೆಗೆ ದ್ವೀಪವೆಲ್ಲ ತೋರಿಸುವುದು. ಕಂಪನಿಯವರು ಕೊಟ್ಟ ಕಾಗದದಲ್ಲಿ ಒಂದು ಚಿತ್ರವಿತ್ತು: ಒಬ್ಬ ಗಂಡಸು, ಒಬ್ಬ ಹೆಂಗಸು, ಉಸುಕಿನ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದಾರೆ. ಸುತ್ತಲೂ ನರಪಿಳ್ಳೆಯಿಲ್ಲ. ಹಿಟ್ಟಿನ ಕೈಯಲ್ಲೇ ಅದನ್ನು ಹಿಡಿದುಕೊಂಡು ನಾನು ಎಷ್ಟು ಹೊತ್ತು ನಿಂತೆನೋ, ಒಲೆಯ ಮೇಲಿನ ರೊಟ್ಟಿ ಹೊತ್ತಿತು.

ಪಡಸಾಲೆಯಲ್ಲಿ ಭಾವನವರ ತೀರ್ಮಾನ ಆಗಲೇ ಆಗಿತ್ತು. "ನಾನೂ ಲಗಮನೂ ಹೋಗಿ ಬರತೇವು. ಅಲ್ಲಿ ಕಬ್ಬ ಹೆಂಗ ಬೆಳೀತಾರ ನೋಡಿಧಂಗಾತು. ಹೆಂಗಸರಿಗೆ ಅಲ್ಲೇನ ಕೆಲಸ?"

ನಾನು ಬಾಗಿಲ ಮರೆಯಿಂದ ಅಂದೆ, "ಕಾಗದದಾಗ ಗಂಡಾ ಹೆಂಡತಿ ಅಂತ ಐತಿ."

ನಾನು ಆ ಮನೆಯಲ್ಲಿ ಗಂಡಸರ ಮಾತಿನ ನಡುವೆ ಬಾಯಿ ಹಾಕಿದ್ದು ಅದೇ ಮೊದಲು. ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಆಕೀನ ಹೋಗ್ಲಿ ಬಿಡೋ ಧರೆಪ್ಪಾ," ಎಂದರು ಅತ್ತೆ. "ಬಂದಾಗಿಂದ ಏನ ಬೇಡ್ಯಾಳ?"

ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಗಂಗೂಬಾಯಿ ಮಾತ್ರ ಹೋಗುವ ದಿನದವರೆಗೂ ನನ್ನನ್ನು ಕಾಡಿದಳು. "ಅಕ್ಕಾ, ಸಮುದ್ರದಾಗ ಭಾವಗೋಳ ಕೈ ಹಿಡಕೊಂಡ ನಿಂದರಾಕಿ ಏನವಾ?" ಬಾಯಿ ಮುಚ್ಚಲೇ ಅಂತ ಅವಳಿಗೆ ಲಟ್ಟಣಿಗೆ ತೋರಿಸಿದೆ. ಅವಳಿಗೇನು ಗೊತ್ತು ನನ್ನ ಸಂಕಟ.

ದ್ರಾಕ್ಷಿಯಲ್ಲಿ ಗೆದ್ದವರು ಕಾಗವಾಡದ ಹುಸೇನಮಿಯಾ. ಅವರು, ಅವರ ಹೆಂಡತಿ ಸಕೀನಾಬಿ, ನಾವಿಬ್ಬರು, ಕೂಡಿಯೇ ಮುಂಬಯಿಯಿಂದ ವಿಮಾನ ಹತ್ತಿದೆವು. ಹೊಟೇಲಿನಲ್ಲಿ ನಮಗೊಂದು ಖೋಲಿ, ಅವರಿಗೊಂದು ಖೋಲಿ. ಬಾಗಿಲು ತೆಗೆದು ನೋಡಿದರೆ ಒಂದೇ ಮಂಚ, ಹಾಸಿಗೆಯ ಮೇಲೆ ಕೆಂಪು ಹೂ. ನಮ್ಮವರು ಬಾಗಿಲಲ್ಲೇ ನಿಂತರು. ಒಳಗೆ ಕಾಲಿಡಲಿಲ್ಲ. ಹುಸೇನಮಿಯಾರನ್ನು ಕರೆದು ಅಂದರು, "ಮಿಯಾ, ಹಿಂಗ ಮಾಡೂಣು. ಹೆಂಗಸರು ಒಂದ ಖೋಲ್ಯಾಗ ಮಲಗಲಿ, ನಾವಿಬ್ಬರೂ ಒಂದರಾಗ. ಅವರ ಮಾತ ಅವರಿಗಿರತಾವು."

"ಹೌದ್ರಿ ಗೌಡ್ರ, ಅದ ಚೊಲೊ," ಎಂದರು ಮಿಯಾ. ಮದುವೆ ಮನೆಯ ಬಿಡಾರದಲ್ಲಿ ಮಾಡುವ ಹಾಗೆ ಮಾಡಿಬಿಟ್ಟರು! ಕೀಲಿ ಕೊಡುವ ಹುಡುಗಿ ನಮ್ಮ ನಾಲ್ವರ ಮುಖವನ್ನು ಬಾರಿ ಬಾರಿ ನೋಡಿದಳು. ಪಯಣದ ದಣಿವಿಗೆ ಸಕೀನಾಬಿ ಗೋಡೆಯ ಕಡೆ ತಿರುಗಿ ಮಲಗಿದಳು, ನಾನು ಕಿಟಕಿಯ ಕಡೆ. ಇನ್ನು ಉಳಿದದ್ದು ಆ ಕಾರಿನ ದಿನ ಒಂದೇ.

ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ರೊಟ್ಟಿ ಶೇಂಗಾಚಟ್ನಿ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದೆ. ಬಿಳಿ ಕಾರು ನಿಂತಿತ್ತು. ಗೈಡಿನ ಹೆಸರು ಗಂಗಾರಾಮ. ಅವನ ಹಿರಿಯರು ಯಾವುದೋ ಕಾಲದಲ್ಲಿ ಸಾತಾರೆಯ ಕಡೆಯಿಂದ ಕಬ್ಬು ಕಡಿಯಲು ಹೋದವರಂತೆ. ಅವನು ಆಡಿದ ಮರಾಠಿ ನಿಪ್ಪಾಣಿ ಪೇಟೆಯದಲ್ಲ, ಯಾವುದೋ ಮುತ್ತಜ್ಜಿಯದು. ಆದರೂ ನಮ್ಮ ಸೀಮೆಯವರಿಗೆ ಮರಾಠಿ ಏನು ದೊಡ್ಡದು, ಚೆನ್ನಾಗಿಯೇ ತಿಳಿಯಿತು. ಬಾಗಿಲು ತೆಗೆದು "ಯಾ ಬಾಯಿ, ಬಸಾ" ಎಂದ, ಬನ್ನಿ ಅಮ್ಮಾ, ಕೂಡಿ ಅಂತ. ನಾನು ಹಿಂದೆ ಕೂತು, ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ನಮ್ಮವರು ಮುಂದೆ ಹೋಗಿ ಗಂಗಾರಾಮನ ಪಕ್ಕದಲ್ಲಿ ಕೂತರು.

ಇರಲಿ, ದಾರಿಯಲ್ಲಿ ಹಿಂದೆ ಕರೆಸಿಕೊಂಡರಾಯಿತು ಅಂದುಕೊಂಡೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ತಮ್ಮ ಕಾರಿನ ದಾರಿ ಕಾಯುತ್ತಿದ್ದ ಮಿಯಾ ದಂಪತಿ ಇವರ ಕಣ್ಣಿಗೆ ಬಿದ್ದರು.

"ಯಾಕ್ರಿ ಮಿಯಾ, ನಿಂತೀರಿ? ಜಾಗಾ ಐತಿ, ಬರ್ರಿ!"

ಗಂಗಾರಾಮ ತಿಳಿಸಿ ಹೇಳಿದ. ಇದು ಇವರಿಬ್ಬರಿಗೇ ಇರುವ ಗಾಡಿ, ಅವರ ಗಾಡಿ ಬೇರೆ ಬರುತ್ತದೆ, ಹಾದಿಯಲ್ಲೇ ಇದೆ ಅಂತ. ನಮ್ಮವರು ಕೇಳುವವರೇ? "ಊರ ಒಂದ, ದಾರಿ ಒಂದ. ಎರಡ ಗಾಡಿ ಯಾಕಪಾ? ಆ ಗಾಡೀನ ಹೊಳ್ಳಿ ಕಳಸು." ಹುಸೇನಮಿಯಾ ಮುಂದಿನ ಸೀಟಿನಲ್ಲೇ ತುರುಕಿಕೊಳ್ಳಲು ಹೋದರು, ಗಂಗಾರಾಮ ಬಿಡಲಿಲ್ಲ. ಕಡೆಗೆ ಮಿಯಾ ಹಿಂದೆ ಒಂದು ಕಿಟಕಿಗೆ, ನಾನು ಇನ್ನೊಂದು ಕಿಟಕಿಗೆ, ಸಕೀನಾಬಿ ನಡುವೆ. ನಾನು ಹೊರಗೆ ಮುಖ ಮಾಡಿದೆ. ಕಣ್ಣು ಉರಿಯುತ್ತಿತ್ತು.

ದ್ವೀಪ ಚೆಂದವಿರಲಿಲ್ಲ ಅಂದರೆ ಸುಳ್ಳಾದೀತು. ಒಂದು ತೋಟದ ಕೊಳದಲ್ಲಿ ತಾವರೆ ಜಾತಿಯ ಎಲೆಗಳು, ಒಂದೊಂದೂ ನಮ್ಮ ಮನೆಯ ಕೊಪ್ಪರಿಗೆಯಷ್ಟು ಅಗಲ, ಅಂಚು ಮೇಲಕ್ಕೆ ಮಡಚಿಕೊಂಡಿವೆ. "ಕೂಸಿನ್ನ ಮಲಗಿಸಿದ್ರೂ ಮುಳುಗೂದಿಲ್ಲಂತ" ಎಂದರು ನಮ್ಮವರು, ಗಂಗಾರಾಮನ ಮಾತನ್ನು ಮಿಯಾರಿಗೆ ಹೇಳುತ್ತ. ಹೇಳಿದವರು ನನ್ನ ಕಡೆ ನೋಡಿ ಗಕ್ಕನೆ ಮುಖ ತಿರುಗಿಸಿದರು. ಆಮೇಲೆ ಬೆಟ್ಟದ ನೆತ್ತಿಯಲ್ಲಿ ಹಿಂದೆಂದೋ ಬೆಂಕಿ ಕಾರಿ ಆರಿದ ದೊಡ್ಡ ಕುಳಿ, ಈಗ ಅದರ ತುಂಬ ಹಸಿರು. ಆಮೇಲೆ ಏಳು ಬಣ್ಣದ ಮಣ್ಣಿನ ದಿಬ್ಬ. ಪರದೇಶದವರು ಹಾಹಾ ಅಂತ ಫೋಟೋ ಹೊಡೆಯುತ್ತಿದ್ದರೆ ನಮ್ಮ ಗಂಡಸರಿಬ್ಬರೂ ಕಟ್ಟಿಗೆಯ ಬೇಲಿಯಾಚೆ ಬಗ್ಗಿ, "ಇದರಾಗ ಏನೂ ಬೆಳಿಯೂದಿಲ್ಲ ನೋಡ್ರಿ" ಅಂತ ಮರುಗಿದರು.

ಎಲ್ಲಿ ಹೋದರೂ ದಾರಿಯ ಎರಡೂ ಕಡೆ ಕಬ್ಬು. ಗಾಳಿಗೆ ತೂಗುವ ಬಿಳಿ ತುರಾಯಿ. ರಾಯಬಾಗದಿಂದ ಹೊರಟು ರಾಯಬಾಗಕ್ಕೇ ಬಂದೆನೇ ಅನ್ನಿಸಿತು. ನಡುದಾರಿಯಲ್ಲಿ ಕಾಯಿಪಲ್ಲೆಯ ಬುಟ್ಟಿ ಇಟ್ಟುಕೊಂಡು ಒಬ್ಬ ಕರಿಯ ಮುದುಕಿ ಬಸ್ಸಿಗೆ ಕಾಯುತ್ತಿದ್ದಳು. ಸರಿ, ಇನ್ನೇನು ಹೇಳಲಿ! "ನಿಂದ್ರಸೋ ಗಂಗಾರಾಮಾ, ಪಾಪ, ಬಿಸಲಾಗ ನಿಂತಾಳ. ಬರ್ರಿ ಆಯಿ!" ಗಂಗಾರಾಮ ಕಣ್ಣು ಕಣ್ಣು ಬಿಟ್ಟ. ಮುದುಕಿ ಅದೇನೋ ತನ್ನ ಭಾಷೆಯಲ್ಲಿ ಹರಸುತ್ತ ಹತ್ತಿ ಹಿಂದೆ ನಮ್ಮ ನಡುವೆ ತುರುಕಿಕೊಂಡಳು. ಅವಳ ಬುಟ್ಟಿ ನನ್ನ ತೊಡೆಯ ಮೇಲೆ ಬಂತು. ಅವಳು ಇಳಿಯುವವರೆಗೆ ಬದನೆಕಾಯಿ ತೊಟ್ಟು ನನ್ನ ಕೈಗೆ ಚುಚ್ಚುತ್ತಿತ್ತು. ಚಿತ್ರದಲ್ಲಿದ್ದ ಆ ಖಾಲಿ ಉಸುಕು ನೆನಪಾಗಿ ನನಗೆ ಅಳುವೇ ಬಂತು.

ಊಟದ ಹೊತ್ತಿಗೆ ಒಂದು ಕಬ್ಬಿನ ಹೊಲದ ಬದಿಯಲ್ಲಿ ಕಾರು ನಿಲ್ಲಿಸಿದರು. ರೊಟ್ಟಿ ತಿಂದು ಗಂಡಸರು ಮೂವರೂ ಸಾಲಿನೊಳಗೆ ಇಳಿದರು, ಗಣ್ಣು ನೋಡಲು, ಬೇರು ನೋಡಲು. ಕಾರಿನ ನೆರಳಲ್ಲಿ ನಾವಿಬ್ಬರೇ ಉಳಿದೆವು.

"ಬಾಯಾರ, ಒಂದ ಮಾತ ಕೇಳತೇನ್ರಿ, ಸಿಟ್ಟಾಗಬ್ಯಾಡ್ರಿ," ಎಂದಳು ಸಕೀನಾಬಿ. "ಮುಂಜಾನಿಂದ ಮಾರಿ ಗಂಟ ಹಾಕ್ಕೊಂಡ ಕುಂತೀರಿ. ನಮ್ಮಿಂದ ಏನರ ತಪ್ಪಾತೇನ್ರಿ?"

"ನಿಮ್ಮದೇನ ತಪ್ಪರಿ? ನನ್ನ ಹಣೇಬಾರ," ಎಂದೆ. ಅಷ್ಟು ಅಂದದ್ದೇ ತಡ, ಎಲ್ಲಿತ್ತೋ ಏನೋ, ಎಲ್ಲ ಹೊರಗೆ ಬಂತು. ಕೂಸು, ಮಳೆ, ಧೋತರ, ಸಲಿಕೆ. ಇಪ್ಪತ್ತು ವರ್ಷ ತಾಯಿಗೂ ಹೇಳದ್ದನ್ನು, ಎರಡು ದಿನದ ಪರಿಚಯದ ಹೆಂಗಸಿನ ಮುಂದೆ, ಪರದೇಶದ ಕಬ್ಬಿನ ಬದುವಿನ ಮೇಲೆ ಕೂತು ಹೇಳಿದೆ. ಅವಳು ತನ್ನ ಸೆರಗಿನ ಚುಂಗಿನಿಂದ ನನ್ನ ಮೂಗು ಒರೆಸಿದಳು.

"ನಮ್ಮಾಗೂ ಹೆಂಗಸರು ಕಬರಸ್ತಾನಕ್ಕ ಹೋಗೂದಿಲ್ರಿ," ಎಂದಳು ಆಮೇಲೆ. "ಆದ್ರ ಎಲ್ಲೈತಿ ಅಂತರ ಗೊತ್ತಿರತೈತಿ. ಯಾ ಅಲ್ಲಾ, ಇದೆಂಥಾ ಸಂಕಟ ನಿಮ್ಮದು!" ಎದ್ದು ಸೀರೆ ಕೊಡವಿಕೊಂಡಳು. "ಕಡೀಗಿ ಸಮುದ್ರ ತೋರಸ್ತಾನಂತ. ನಮ್ಮವರನ ನಾ ಕರಕೊಂಡ ಹೋಗತೇನಿ. ನಿಮ್ಮವರನ ನೀವ ಹಿಡದ ಇಟಗೋರಿ. ಎತ್ತ ಹಗ್ಗಾ ಹರಕೊಂಡ ಹೋಗಬಾರದ ಮತ್ತ!"

ಅಳುವಿನ ನಡುವೆ ನಗು ಬಂತು.

ಇಳಿಹೊತ್ತಿಗೆ ಪಡುವಣ ದಂಡೆಗೆ ಬಂದೆವು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಆದರೆ ನಿಜ ಹೇಳುತ್ತೇನೆ, ಸರಿಯಾಗಿ ನೋಡಲೇ ಇಲ್ಲ, ನನ್ನ ಕಣ್ಣೆಲ್ಲ ನಮ್ಮವರ ಮೇಲೆ. ಸಕೀನಾಬಿ "ನನಗ ಕವಡಿ ಆರಸಬೇಕು, ಬರ್ರಿ" ಅಂತ ಮಿಯಾರ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಗಂಗಾರಾಮ ಕಾರಿನಲ್ಲೇ ಸೀಟು ಒರಗಿಸಿ ಕಣ್ಣು ಮುಚ್ಚಿದ. "ನಾವೂ ಹೋಗೂಣ ನಡಿ, ಅವರ ಕೂಡ" ಅಂತ ನಮ್ಮವರು ಹೊರಟರು. ನಾನು ಅವರ ಅಂಗಿಯ ಚುಂಗು ಹಿಡಿದೆ.

"ಎಲ್ಲಿ ಹೊಂಟ್ರಿ? ಕುಂದರ್ರಿ ಇಲ್ಲಿ."

ಅವರು ಕೂತರು. ನಡುವೆ ಇನ್ನಿಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತರು. ಸಮುದ್ರ ನೋಡಿದರು, ಹಿಂದೆ ನೋಡಿದರು, ಚಪ್ಪಲಿಯೊಳಗಿನ ಉಸುಕು ಕೊಡವಿದರು. ಬಲೆ ಹೊತ್ತ ಬೆಸ್ತನೊಬ್ಬ ನಮ್ಮ ಮುಂದೆ ಹಾಯ್ದ. ಅವರ ಕೈ ಮೇಲೆದ್ದಿತು. ನಾನು ಆ ಕೈಯನ್ನು ಹಿಡಿದು ಕೆಳಗಿಳಿಸಿದೆ.

"ಇವತ್ತ ಯಾರನೂ ಕರೀಬ್ಯಾಡ್ರಿ. ನಿಮ್ಮ ಕಾಲ ಬೀಳತೀನಿ. ಒಂದ ಮಾತ ಕೇಳೂದೈತಿ."

ಅವರು ನನ್ನ ಕಡೆ ತಿರುಗಲಿಲ್ಲ. "ಗೊತ್ತೈತಿ," ಎಂದರು.

"ಏನ ಗೊತ್ತೈತಿ?"

"ನೀ ಕೇಳೂದ. ನಿನ್ನ ಮಾರಿ ಮ್ಯಾಲ ಆ ಮಾತ ಯಾವಾಗ್ಲೂ ಇರತಿತ್ತ. ನೀ ಒಬ್ಬಾಕೀನ ಎದುರಿಗೆ ಬಂದ್ರ ನನಗ ಅಂಜಿಕಿ. ಅದಕ ಅಲ್ಲೇನ ನಾ ಹಾದ್ಯಾಗ ಹೋಗೂ ಮಂದೀನೆಲ್ಲಾ ಕರಕೊಂಡ ಕೂಡಸತಿದ್ದದ್ದು."

ನನಗೆ ಸಿಟ್ಟು ನೆತ್ತಿಗೇರಿತು. ಸಂತೆಗೆ ಹೋದ ಚಕ್ಕಡಿಗಳು, ಚಿಕ್ಕೋಡಿಯ ಜೀಪು, ಎಲ್ಲ ಬೇಕೆಂದೇ ತುಂಬಿಸಿದ್ದೇ? ಊರು ಇವರನ್ನು ದೇವರು ಅನ್ನುತ್ತಿತ್ತು! "ನೀವು ಮನಿಷ್ಯಾರ ಏನ್ರಿ?" ಅಂತ ಕೂಗಿದೆ. ನಮ್ಮ ಮನೆಯಲ್ಲಾಗಿದ್ದರೆ ನಾಲ್ಕು ಓಣಿ ಕೂಡುತ್ತಿತ್ತು. ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. "ಹೇಳ್ರಿ. ಎಲ್ಲಿಟ್ಟೀರಿ ನನ್ನ ಕೂಸಿನ್ನ?"

"ಅವ್ವ ಹಳ್ಳದ ದಂಡೀಗಿ ಒಯ್ಯಿ ಅಂದಿದ್ಲು," ಎಂದರು ಅವರು. ಒಂದೊಂದೇ ಮಾತು, ಬಾವಿಯಿಂದ ಕೊಡ ಎಳೆದ ಹಾಗೆ ಬಂತು. "ಹ್ವಾದೆ. ಹಳ್ಳ ತುಂಬಿ ಹರ್ಯಾಕತ್ತಿತ್ತ. ದಂಡೀನ ಕುಸ್ಯಾಕತ್ತಿತ್ತ. ಇಲ್ಲಿಟ್ರ ನಾಳಿಗೆ ನೀರ ಒಯ್ತೈತಿ ಅನಸ್ತು. ಎದಿಗಿ ಹಿಡಕೊಂಡ ಅಲ್ಲೇ ನಿಂತೆ. ಕತ್ತಲಾತು. ಇಡಾಕ ಕೈ ಬರಲಿಲ್ಲ. ಹೊಳ್ಳಿ ಮನೀಗಿ ತಂದೆ."

"ಮನೀಗಿ?"

"ಹಿತ್ತಲದಾಗ. ಬೇವಿನ ಗಿಡದ ಬುಡಕ. ಮಳಿಗೆ ಎಲ್ಲಾರೂ ಬಾಗಲಾ ಹಾಕ್ಕೊಂಡ ಕುಂತಿದ್ರು, ಯಾರೂ ನೋಡ್ಲಿಲ್ಲ. ಮ್ಯಾಲ ಒಂದ ಹಾಸಗಲ್ಲ ಎಳದ ಹಾಕಿದ್ನಿ, ನಾಯಿ ಕೆದರಬಾರದಂತ." ಅವರು ಉಸುಕಿನೊಳಗೆ ಬೆರಳು ಊರಿದರು. "ನಿನಗ ಹೇಳಿದ್ರ ನೀ ಅಳಕೋಂತ ಅಲ್ಲೇ ಹೋಗಿ ಕುಂದರತಿದ್ದಿ. ಮನ್ಯಾಗ ತಿಳೀತಿತ್ತು. ಹಿತ್ತಲದಾಗ ಮಣ್ಣ ಕೊಟ್ಟಾರಂದ್ರ ಅವ್ವ ಬಿಡತಿದ್ಲ? ತಗಿಸಿ ಮತ್ತ ಹಳ್ಳಕ್ಕ ಕಳಸತಿದ್ಲು. ಎರಡ ಸರತಿ ನಾ ಹೆಂಗ ಒಯ್ಯಲಿ ಹೇಳು?"

ಹಾಸುಗಲ್ಲು ನನಗೆ ಗೊತ್ತಿತ್ತು. ಗೊತ್ತಿಲ್ಲದೇ ಏನು, ಆ ದೊಡ್ಡ ಮನೆಯಲ್ಲಿ ನನ್ನದು ಅಂತ ಇದ್ದ ಜಾಗ ಅದೊಂದೇ. ಮಧ್ಯಾಹ್ನ ಎಲ್ಲರದೂ ಉಂಡಾದ ಮೇಲೆ, ಮುಸುರೆ ತಿಕ್ಕಿಟ್ಟು, ನಾನು ಹೋಗಿ ಆ ಕಲ್ಲಿನ ಮೇಲೆ ಕೂಡುತ್ತಿದ್ದೆ. ನೆರಳಿತ್ತು ಅಂತ ಕೂಡುತ್ತಿದ್ದೆ, ಅಷ್ಟೇ. ಅಲ್ಲಿ ಕೂತು ಅಕ್ಕಿ ಆರಿಸಿದ್ದೇನೆ, ತಲೆ ಬಾಚಿಕೊಂಡಿದ್ದೇನೆ, ನನ್ನ ಎರಡು ಗಂಡುಮಕ್ಕಳಿಗೆ ಮೊಲೆ ಕೊಟ್ಟಿದ್ದೇನೆ. ನನ್ನ ಕೂಸು ಎಲ್ಲಿದೆಯೋ ಅಂತ ಹೊಲದ ಕಡೆ ನೋಡುತ್ತ ಕೂತಿದ್ದೂ ಅಲ್ಲಿಯೇ.

ಅವರು ಈಗ ನನ್ನ ಕಡೆ ತಿರುಗಿದ್ದರು. ಮುಖವೆಲ್ಲ ನೀರು.

"ನೀ ಅಲ್ಲಿ ಕುಂತಾಗೆಲ್ಲಾ ನಾ ಪಡಸಾಲಿ ಕಿಡಕ್ಯಾಗಿಂದ ನೋಡತಿದ್ನಿ," ಎಂದರು. "ತಾಯಿ ಮಗಳು ಕುಂತಾರ ಅಂತ."

ನಾನು ಅತ್ತುಬಿಟ್ಟೆ. ಕೂಸು ಹೋದ ದಿನ ಅಳದೆ ಇಟ್ಟುಕೊಂಡದ್ದನ್ನೂ ಸೇರಿಸಿ, ಗಟ್ಟಿಯಾಗಿ, ಎದೆ ಬಡಿದುಕೊಂಡು ಅತ್ತೆ. ಅವರು ಸುಮ್ಮನಿರು ಅನ್ನಲಿಲ್ಲ. ನನ್ನ ಕೈ ಅವರ ಕೈಯಲ್ಲಿತ್ತು, ಇಬ್ಬರಿಗೂ ಅದರ ಮೇಲೆ ಧ್ಯಾಸವಿರಲಿಲ್ಲ. ದೂರದಲ್ಲಿ ಸಕೀನಾಬಿ ಮಿಯಾರನ್ನು ಇನ್ನೂ ಆಚೆ ಆಚೆ ಕರೆದುಕೊಂಡು ಹೋಗುತ್ತಿದ್ದಳು. ಹೊತ್ತು ನೀರಿಗಿಳಿಯಿತು. ಗಂಗಾರಾಮ ಬಂದು, ಬಾಯಿ, ಇದೇ ಈ ದ್ವೀಪದ ಎಲ್ಲಕ್ಕಿಂತ ಚೆಂದದ ಹೊತ್ತು, ನೋಡಿ, ಎಂದ.

"ಊರಿಗೆ ಹೋಗೂಣ್ರಿ," ಎಂದೆ ನಮ್ಮವರಿಗೆ.

"ಇನ್ನ ಎರಡ ದಿನಾ ಐತೆಲ್ಲ?"

"ಇವತ್ತ ಹೋಗೂಣ್ರಿ. ನಾ ಅಲ್ಲಿ ಕುಂದರಬೇಕು."

ಮುಂದೆ ಅಷ್ಟು ದೊಡ್ಡ ಸಮುದ್ರ ಬಿದ್ದುಕೊಂಡಿತ್ತು. ನನಗೆ ನಮ್ಮ ಹಿತ್ತಲು ಬೇಕಾಗಿತ್ತು.